ಪುಸ್ತಕದಂಗಡಿಯ ಎರಡನೇ ವರದಿ

“ಪುಸ್ತಕ ಬೇಕಿದ್ರೆ ಸಾಲಲ್ಲಿ ನಿಂತ್ಕೊಳ್ಳಿ. ಬೇಡಾಂದ್ರೆ ದಯವಿಟ್ಟು ದಾರಿ ಬಿಡಿ.”

ಅಂಗಡಿ ನಡೆಸುವ ಡೆಲ್ಫಿನಾ ಬರ್ರಾಗಾನ್ ಇಷ್ಟು ಒರಟಾಗಿ ಯಾರೊಂದಿಗೂ ಮಾತನಾಡುವವಳಲ್ಲ. ಆದರೆ ಅಂದು ಸೆಮಿಸ್ಟರಿನ ಮೊದಲ ಸೋಮವಾರ. ಪಾಲೋ ಸೆಕೋ ಕಮ್ಯುನಿಟಿ ಕಾಲೇಜಿನ ಪುಸ್ತಕದಂಗಡಿಯ ಸಾಲು ಬಾಗಿಲು ದಾಟಿ, ಕಾರು ನಿಲ್ಲಿಸುವ ಜಾಗದವರೆಗೂ ಬೆಳೆದಿತ್ತು. ಅವಳೆದುರಿನ ಎತ್ತರದ ಮನುಷ್ಯ ಮಾತ್ರ ಮುಕ್ಕಾಲು ಗಂಟೆಯಿಂದ ಕಪಾಟಿಗೆ ಒರಗಿಕೊಂಡು ಅದೇನನ್ನೋ ಬರೆದುಕೊಳ್ಳುತ್ತಿದ್ದ.

ಅವನು ತಲೆಯೆತ್ತಿದ. “ಕ್ಷಮಿಸಿ. ಒಬ್ಬೊಬ್ರಿಗೆ ಎಷ್ಟು ಹೊತ್ತಾಗತ್ತೆ ಅಂತ ನೋಡ್ತಿದ್ದೆ.”

“ನೋಡೋ ಬದಲು ಕೈ ಜೋಡಿಸಿದ್ರೆ ಬೇಗ ಆಗತ್ತೆ,” ಎಂದವಳೇ ಅನಾಟಮಿ ಪುಸ್ತಕಗಳ ಪೆಟ್ಟಿಗೆಯೊಂದನ್ನು ಅವನ ತೋಳಿಗಿಟ್ಟಳು.

ಅವನು ಹೊತ್ತ. ಸಂಜೆ ನಾಲ್ಕರವರೆಗೂ ಹೊತ್ತ. ಇಪ್ಪತ್ತೆರಡು ವರ್ಷದಿಂದ ಗಲ್ಲಾದಲ್ಲಿ ಕೂರುವ ಹರ್ಮೀನಿಯಾ ಅವನನ್ನು ಎರಡು ಸಲ ಕಾಫಿ ತರಲೂ ಓಡಿಸಿದಳು.

ಹೊರಡುವಾಗಷ್ಟೇ ಅವನು ತಾನು ಯಾರೆಂದು ಹೇಳಿದ. ಹೆಸರು ಗ್ರೇಡಿ ಹಾಲ್ವರ್ಸನ್. ಅಂಗಡಿಯನ್ನು ಕಾಲೇಜೇ ನಡೆಸಬೇಕೋ, ಹೊರಗಿನ ಕಂಪನಿಗೆ ಒಪ್ಪಿಸಬೇಕೋ ಎಂದು ಪರಿಶೀಲಿಸಿ ವರದಿ ಕೊಡಲು ಕಾಲೇಜೇ ಅವನನ್ನು ನೇಮಿಸಿತ್ತು.

ಡೆಲ್ಫಿನಾ ಅವನು ಹೊತ್ತು ತಂದಿಟ್ಟ ಪೆಟ್ಟಿಗೆಗಳತ್ತ ನೋಡಿದಳು. ‘ನನ್ನ ಕುತ್ತಿಗೆ ಕುಯ್ಯೋಕೆ ಬಂದವನ ಕೈಲೇ ಪೆಟ್ಟಿಗೆ ಹೊರಿಸಿದೆನಲ್ಲ...’

ಮರುದಿನವೂ ಅವನು ಬಂದ. ಕೋಟು ತೆಗೆದಿಟ್ಟು, ತಾನಾಗಿಯೇ ಪೆಟ್ಟಿಗೆ ಬಿಚ್ಚತೊಡಗಿದ.

ಅವಳಿಗೂ ಗೊತ್ತಿತ್ತು, ಅಂಗಡಿ ಮೂರು ವರ್ಷದಿಂದ ನಷ್ಟದಲ್ಲಿದೆ. ಅರ್ಧಕ್ಕರ್ಧ ವಿದ್ಯಾರ್ಥಿಗಳು ಫೋನಿನಲ್ಲೇ ಪುಸ್ತಕ ತರಿಸಿಕೊಳ್ಳುತ್ತಾರೆ. ಆದರೆ ಉಳಿದರ್ಧ? ಅಂಗಡಿಯ ಹಿಂಭಾಗದಲ್ಲಿ ಅವಳು ಐದು ಕುರ್ಚಿಗಳ ಒಂದು ಮೇಜು ಹಾಕಿಸಿದ್ದಳು. ಕೊಳ್ಳಲಾಗದವರು ಅಲ್ಲೇ ಕುಳಿತು ಓದಬಹುದು, ಯಾರೂ ಏನೂ ಕೇಳುವುದಿಲ್ಲ. ಬಾದಾಮಿ ಒಡೆದು ವಿಂಗಡಿಸುವ ಶೆಡ್ಡಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವ ತೊಮಾಸಾ ಎಂಬ ಹೆಂಗಸು ನರ್ಸಿಂಗಿನ ಮೊದಲ ವರ್ಷವನ್ನು ಆ ಮೇಜಿನ ಮೇಲೇ ಮುಗಿಸಿದ್ದಳು.

ಇನ್ನೊಂದು ಕೆಲಸವೂ ಇತ್ತು, ಅದನ್ನು ಅವಳಿಗೆ ಯಾರೂ ವಹಿಸಿರಲಿಲ್ಲ. ಪಾಠ ಮಾಡುವವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಅಗ್ಗಕ್ಕೆ ಸಿಗುವ ಹಳೆಯ ಮುದ್ರಣ ಸಾಕಾಗುವುದಿಲ್ಲವೇ ಎಂದು ಪೀಡಿಸುವುದು.

ಒಂದು ಮಧ್ಯಾಹ್ನ ಗ್ರೇಡಿ ಅದನ್ನು ಕೇಳಿಸಿಕೊಂಡ. “ಹೊಸ ಮುದ್ರಣದಲ್ಲಿ ಚರಿತ್ರೆಯೇನಾದ್ರೂ ಬದಲಾಗಿದ್ಯಾ, ಪ್ರೊಫೆಸರ್?” ಎಂದು ಅವಳು ತಣ್ಣಗೆ ವಿಚಾರಿಸುತ್ತಿದ್ದಳು.

ಗ್ರೇಡಿ ನಕ್ಕುಬಿಟ್ಟ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಫೋನ್ ಇಟ್ಟ ಮೇಲೂ ಅವಳಿಗೆ ಪ್ರೊಫೆಸರ್ ಏನು ಹೇಳಿದರೆಂದು ನೆನಪಾಗಲಿಲ್ಲ...

ಫೆಬ್ರವರಿ ಎರಡರ ಹಬ್ಬಕ್ಕೆ ಡೆಲ್ಫಿನಾಳ ತಾಯಿ ಪ್ರತಿವರ್ಷದಂತೆ ತಮಾಲೆ, ಜೋಳದ ಹಿಟ್ಟಿನ ಕಡುಬು, ಬೇಯಿಸಿ ಕಳಿಸಿದರು. ಈ ಸಲ ಬುಟ್ಟಿಯಲ್ಲಿ ಆರು ಹೆಚ್ಚಿದ್ದವು. ಯಾಕೆಂದು ಡೆಲ್ಫಿನಾ ಕೇಳಿದ್ದಕ್ಕೆ, “ಎರಡು ವಾರದಿಂದ ಊಟದ ಹೊತ್ತಲ್ಲಿ ಒಂದೇ ಹೆಸರು ಕೇಳ್ತಿದೀನಲ್ಲ ಮಿಹಾ, ನನ್ನ ಮಗಳೇ, ಅವನಿಗೂ ಹಸಿವಾಗತ್ತಲ್ವಾ?” ಎಂದರು. ಗ್ರೇಡಿ ಆರನ್ನೂ ತಿಂದ. ಆ ಶನಿವಾರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೂ ಬಿಟ್ಟ ಬಾದಾಮಿ ತೋಟಗಳ ನಡುವೆ ಸುಮ್ಮನೆ ಸುತ್ತಾಡಿಸಿದ. ಇಬ್ಬರೂ ಅಂಗಡಿಯ ವಿಷಯ ಎತ್ತಲಿಲ್ಲ.

ಮೂವತ್ತಾರರ ಡೆಲ್ಫಿನಾಗೆ ತನ್ನ ಮೇಲೆಯೇ ನಗು ಬಂತು. ‘ಈ ವಯಸ್ಸಲ್ಲಿ ಇದೆಂಥ ಹುಚ್ಚು...’

ಮಾರ್ಚ್ ಮೊದಲ ವಾರ, ಆಡಳಿತ ಮಂಡಳಿಯ ಸಭೆಯ ಕಾಗದಗಳು ಬಂದವು. ಅವುಗಳ ಜೊತೆಗೆ ವರದಿ. ಕೆಳಗೆ ಗ್ರೇಡಿ ಹಾಲ್ವರ್ಸನ್‌ನ ಸಹಿ.

ಅಂಗಡಿಯನ್ನು ಪೂರ್ತಿಯಾಗಿ ಹೊರಗಿನ ಕಂಪನಿಗೆ ಒಪ್ಪಿಸುವುದು ಸೂಕ್ತ ಎಂದು ಅದರಲ್ಲಿತ್ತು. ಹಿಂಭಾಗದ ಮೇಜು ವ್ಯಾಪಾರದ ಜಾಗವನ್ನು ವ್ಯರ್ಥ ಮಾಡುತ್ತಿದೆ ಎಂದೂ ಇತ್ತು.

ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ತೊಮಾಸಾಳ ಪಕ್ಕ ಕುಳಿತು, ಅವಳನ್ನು ಮೂಳೆಗಳ ಹೆಸರು ಕೇಳಿ ಕೇಳಿ ಪಾಠ ಒಪ್ಪಿಸಿಕೊಂಡವನು ಇದೇ ಗ್ರೇಡಿಯೇ?

ಅರ್ಧ ಗಂಟೆಯಲ್ಲಿ ಅವನೇ ಓಡಿ ಬಂದ.

“ಇದು ನೀವು ಬರ್ದಿದ್ದು ಹೌದೋ ಅಲ್ವೋ?” ಅವಳು ವರದಿಯನ್ನು ಅವನ ಮುಂದೆ ಹಿಡಿದಳು.

“ಹೌದು. ಆದ್ರೆ ಡೆಲ್ಫಿ...”

“ಆದ್ರೆ ಬೇಡ. ಹೌದು ಅಂದ್ರಲ್ಲ, ಸಾಕು.”

ಹರ್ಮೀನಿಯಾ ಗಲ್ಲಾ ಬಿಟ್ಟೆದ್ದು, ಅವನು ಹೊರಹೋಗಲೆಂದು ಬಾಗಿಲು ತೆರೆದು ನಿಂತಳು. ಆಮೇಲೆ ಅವನು ಎಷ್ಟು ಸಲ ಫೋನ್ ಮಾಡಿದರೂ ಡೆಲ್ಫಿನಾ ಎತ್ತಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ನಿಂತು ಅತ್ತಳು. ಅಂಗಡಿಗಾಗಿ ಅಳುತ್ತಿದ್ದೇನೆ ಎಂದುಕೊಂಡಳು. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಸಭೆ ಸೇರಿತು. ಮಾತನಾಡಬಯಸುವವರಿಗೆ ತಲಾ ಮೂರು ನಿಮಿಷ. ತೊಮಾಸಾ ಶೆಡ್ಡಿನ ಬಟ್ಟೆಯಲ್ಲೇ ಬಂದು, ತಾನು ಎಲ್ಲಿ ಓದಿದೆ ಎಂಬುದನ್ನು ಹೇಳಿದಳು. ವಿದ್ಯಾರ್ಥಿಯೊಬ್ಬ ಎದ್ದು, ಹೊರಗಿನ ಕಂಪನಿಯಲ್ಲಿ ಪುಸ್ತಕ ಅಗ್ಗವಾಗಿ ಸಿಕ್ಕರೆ ತನಗೆ ಅದೇ ಮೇಲು ಎಂದ. ಡೆಲ್ಫಿನಾ ತನ್ನ ಸರದಿಯಲ್ಲಿ ಆ ಹುಡುಗನ ಮಾತನ್ನು ಅಲ್ಲಗಳೆಯಲಿಲ್ಲ. ಅವನು ಹೇಳುವುದು ನಿಜ, ಆದರೆ ಫೋನ್ ಎತ್ತಿ ಹಳೆಯ ಪುಸ್ತಕ ಸಾಕೆಂದು ಜಗಳವಾಡುವ ಕೆಲಸ ಯಾವ ಕಂಪನಿಯ ಒಪ್ಪಂದದಲ್ಲೂ ಇರುವುದಿಲ್ಲ ಎಂದಷ್ಟೇ ಹೇಳಿ ಕುಳಿತಳು.

ಕೊನೆಯ ಹೆಸರು ಕೂಗಿದಾಗ ಅವಳು ತಟ್ಟನೆ ತಿರುಗಿ ನೋಡಿದಳು.

ಗ್ರೇಡಿ ಮೈಕಿನ ಮುಂದೆ ನಿಂತ. ಮುಖ ಬಿಳಿಚಿಕೊಂಡಿತ್ತು.

“ಆ ವರದಿ ನಂದೇ. ಮೊದಲನೇ ವಾರ ಬರೆದ ಕರಡು. ಆಗ ನಾನು ಅಂಗಡೀನ ನೋಡಿದ್ದೆ, ಅಲ್ಲಿ ಕೆಲಸ ಮಾಡಿರ್ಲಿಲ್ಲ. ಹೋದ ತಿಂಗಳು ಎರಡನೇ ವರದಿ ಬರೆದೆ. ಹೊಸ ಪುಸ್ತಕದ ವ್ಯಾಪಾರ ಮಾತ್ರ ಹೊರಗೆ ಕೊಡಿ, ಹಳೇ ಪುಸ್ತಕ, ಆ ಮೇಜು, ಆ ಕೆಲಸದವರು ಕಾಲೇಜಲ್ಲೇ ಇರ್ಲಿ ಅಂತ.”

ಕಾಲೇಜಿನ ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದನ್ನ ಅಧ್ಯಕ್ಷರು ಪಕ್ಕಕ್ಕಿಟ್ಟು ಮೊದಲಿನದನ್ನೇ ನಿಮಗೆ ಕಳಿಸಿದ್ರು. ಅವರದ್ದು ತಪ್ಪಲ್ಲ. ನಾನೇ ಹೋಗಿ ಹೇಳಿದ್ದೆ, ನನ್ನ ಮಾತನ್ನ ಇನ್ನು ಪೂರ್ತಿ ನಂಬಬೇಡಿ ಅಂತ. ಯಾಕಂದ್ರೆ ಆ ಅಂಗಡಿ ನಡೆಸೋರ ಬಗ್ಗೆ ನಂಗಿರೋದು ಬರೀ ಗೌರವ ಅಲ್ಲ. ಅದಕ್ಕಿಂತ ಹೆಚ್ಚಿನದು...”

ಮೂರು ನಿಮಿಷ ಮುಗಿಯಿತೆಂದು ಗಂಟೆ ಬಾರಿಸಿದರು. ಸಭೆಯಲ್ಲಿ ಪಿಸುಮಾತು ಹರಿದಾಡಿತು. ಹರ್ಮೀನಿಯಾ ಡೆಲ್ಫಿನಾಳ ಪಕ್ಕೆಗೆ ಮೊಣಕೈಯಿಂದ ತಿವಿದು, ಇಂಥ ಪೆದ್ದನನ್ನು ತಾನೇ ಆಚೆ ಕಳಿಸಿದೆನಲ್ಲ ಎಂದು ಗೊಣಗಿದಳು.

ಮಂಡಳಿ ಎರಡನೇ ವರದಿಯನ್ನು ತರಿಸಿ ಓದಿತು. ನಾಲ್ವರು ಅದರ ಪರ, ಮೂವರು ವಿರುದ್ಧ. ಅಂಗಡಿಯ ಅರ್ಧ ಜಾಗ ಹೋಗುತ್ತದೆ. ಹರ್ಮೀನಿಯಾ ಜೂನಿನಲ್ಲಿ ನಿವೃತ್ತಿ ತೆಗೆದುಕೊಳ್ಳುವುದಾಗಿ ಅಲ್ಲೇ ಹೇಳಿದಳು. ಅಂಗಡಿಯ ಉಳಿದರ್ಧ ಮುಂದಿನ ಎರಡು ವರ್ಷ ಡೆಲ್ಫಿನಾಳ ಕೈಯಲ್ಲಿ. ಗೆದ್ದೆನೋ ಸೋತೆನೋ ಅವಳಿಗೆ ಗೊತ್ತಾಗಲಿಲ್ಲ.

ಹೊರಗೆ ಇಳಿಬಿಸಿಲು. ಗ್ರೇಡಿ ತನ್ನ ಕಾರಿನ ಬಾಗಿಲು ತೆರೆಯುತ್ತಿದ್ದ.

“ಅವತ್ತು ನಾನು ನಿಮ್ಮ ಮಾತು ಕೇಳ್ಬೇಕಿತ್ತು,” ಹಿಂದಿನಿಂದ ಅವಳ ದನಿ.

ಅವನು ತಿರುಗಿದ. “ಆ ಕರಡು ಬರೆದಿದ್ದನ್ನ ನಾನೇ ಮೊದಲು ಹೇಳ್ಬೇಕಿತ್ತು. ಹೆದರಿಕೆ ಆಯ್ತು. ನೀವು ಮತ್ತೆ ಪೆಟ್ಟಿಗೆ ಕೊಡೋದೇ ಇಲ್ವೇನೋ ಅಂತ.”

ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಕಣ್ಣು ಮಾತ್ರ ತುಂಬಿಕೊಂಡಿತ್ತು.

“ಗೌರವಕ್ಕಿಂತ ಹೆಚ್ಚಿನದು ಅಂದ್ಯಲ್ಲ. ಏನದು? ಇಲ್ಲಿ ಯಾರೂ ಗಂಟೆ ಬಾರಿಸಲ್ಲ. ಹೇಳು.”

ಬಹುವಚನ ಕಳಚಿಬಿದ್ದದ್ದು ಅವನಿಗೂ ಕೇಳಿಸಿತು. ಒಂದು ಹೆಜ್ಜೆ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡ.

“ನಿನ್ನ ಪ್ರೀತಿಸ್ತೀನಿ, ಡೆಲ್ಫಿ. ಬೆಳಗ್ಗೆ ಎದ್ರೆ ಇವತ್ತು ನೀನು ಯಾರ ಜೊತೆ ಜಗಳ ಆಡ್ತೀಯೋ ಕೇಳ್ಬೇಕು ಅನ್ಸತ್ತೆ.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

“ಎರಡನೇ ವರದೀಲಿ ಇದನ್ನೂ ಬರ್ದಿದ್ಯಾ?”

“ಇಲ್ಲ.”

“ಒಳ್ಳೇದಾಯ್ತು,” ಎಂದು ಅವಳು ಅವನ ಭುಜಕ್ಕೆ ಹಣೆಯಾನಿಸಿದಳು. “ಇದನ್ನ ಯಾರೂ ಓಟು ಹಾಕಿ ತೀರ್ಮಾನ ಮಾಡೋದು ಬೇಡ. ನಾನೊಬ್ಬಳೇ ಒಪ್ಕೊಂಡ್ರೆ ಸಾಕು.”

“ಒಪ್ಕೊಂಡ್ಯಾ?”

“ಹೂಂ...”