ಅಲ್ಲಾಡದ ಅಜ್ಜಿ

"ಅಜ್ಜೀ, ಏಳು! ಮಡಕೆ ಟೇಬಲ್ ಮುಚ್ಚಿಬಿಡ್ತಾರೆ!"

ಅಜ್ಜಿ ಏಳಲಿಲ್ಲ. ಕತ್ತು ಕೂಡ ತಿರುಗಿಸಲಿಲ್ಲ. ತುಟಿಯ ಒಂದು ಮೂಲೆಯನ್ನಷ್ಟೇ ಸಡಿಲಿಸಿ, "ಅಲ್ಲಾಡಬಾರದಂತೆ ಕಣೇ," ಎಂದಳು.

ಆ ಸಂಜೆ ಮ್ಯೂಸಿಯಂ ಎಲ್ಲರಿಗೂ ಫ್ರೀ. ಒಂದು ಹಾಲ್‌ನಲ್ಲಿ ಚಿತ್ರ ಬಿಡಿಸುವವರು. ಇನ್ನೊಂದರಲ್ಲಿ, ಒಡೆದ ಚೂರುಗಳನ್ನು ಅಂಟಿಸಿ ಹಳೇ ಕಾಲದ ಮಡಕೆ ಕೂಡಿಸುವ ಆಟ. ಮೊಮ್ಮಗಳು ಅರ್ಜೆಂಟಮ್ಮನಿಗೆ ಬೇಕಾಗಿದ್ದು ಅದೊಂದೇ. ಊಟ, ಸ್ನಾನ, ಹೋಮ್‌ವರ್ಕ್ ಎಲ್ಲದರಲ್ಲೂ ಅವಸರ ಅಂತ ಮನೆಯವರು ಇಟ್ಟ ಹೆಸರು ಅದು.

ಆದರೆ ಮಡಕೆ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: "ಜೊತೇಲಿ ದೊಡ್ಡವರು ಇದ್ರೆ ಮಾತ್ರ. ಬೆರಳಿಗೆ ಬೆರಳು ಅಂಟಿಕೊಂಡ್ರೆ ಬಿಡಿಸೋರು ಯಾರು?"

ದೊಡ್ಡವರನ್ನು ಕರೆಯಲು ಓಡಿಬಂದರೆ, ದೊಡ್ಡವರು ಇಲ್ಲಿ ಬೊಂಬೆಯ ಹಾಗೆ ಕೂತಿದ್ದಾರೆ!

ಆಗಿದ್ದಿಷ್ಟು. ಮೊಮ್ಮಗಳ ಹಿಂದೆ ಸುತ್ತಿ ಸುತ್ತಿ ಸುಸ್ತಾದ ಅಜ್ಜಿ, ಚಿತ್ರದ ಹಾಲ್‌ನ ನಟ್ಟನಡುವೆ ಖಾಲಿ ಕುರ್ಚಿ ಕಂಡು ಉಸ್ಸಪ್ಪಾ ಅಂತ ಕೂತಳು. ಚಪ್ಪಲಿಯನ್ನೂ ಕಳಚಿದಳು. ಅದು ಎಲ್ಲರೂ ನೋಡಿ ಚಿತ್ರ ಬಿಡಿಸಲಿ ಎಂದು ಒಬ್ಬರನ್ನು ಕೂರಿಸಲು ಇಟ್ಟಿದ್ದ ಕುರ್ಚಿ. ಅಲ್ಲಿ ಕೂರಬೇಕಾದವರು ಬಂದೇ ಇರಲಿಲ್ಲ.

"ಆಹಾ, ಸರಿಯಾದ ಟೈಮಿಗೆ ಬಂದ್ರಿ! ಇನ್ನು ಅಲ್ಲಾಡಬೇಡಿ," ಎಂದರು ಡ್ರಾಯಿಂಗ್ ಮೇಷ್ಟ್ರು.

ಮ್ಯೂಸಿಯಂನಲ್ಲಿ ಕೂತವರಿಗೆಲ್ಲ ಇದೇ ರೂಲ್ ಇರಬೇಕು ಅಂದುಕೊಂಡು ಅಜ್ಜಿ ಕಲ್ಲಾದಳು.

"ನೀನು ಬೇರೆಯವರ ಕುರ್ಚೀಲಿ ಕೂತಿದೀಯ!" ಅರ್ಜೆಂಟಮ್ಮ ಪಿಸುಗುಟ್ಟಿದಳು.

"ಈಗ ಗೊತ್ತಾಯ್ತು. ಎದ್ರೆ ಚೆನ್ನಾಗಿರಲ್ಲ. ಪಾಪ, ಆ ಕನ್ನಡಕದವರು ಈಗಷ್ಟೇ ನನ್ನ ಒಂದು ಕಿವಿ ಮುಗಿಸಿದಾರೆ."

"ಶ್!" ಎಂದರು ಮೇಷ್ಟ್ರು. "ಪುಟ್ಟೀ, ಪಕ್ಕಕ್ಕೆ ಬಾ. ಹಾಗೆ ಅಡ್ಡ ನಿಂತ್ರೆ ನಿನ್ನ ಎರಡು ಜಡೆ ಅಜ್ಜಿಗೆ ಬಂದುಬಿಡುತ್ತೆ."

"ಮೂಗು ಕೆರೀತಿದೆ ಕಣೇ," ಎಂದಳು ಅಜ್ಜಿ.

"ನೀನೇ ಕೆರ್ಕೋ."

"ಕೈ ಎತ್ತೋ ಹಾಗಿಲ್ಲ."

ಅರ್ಜೆಂಟಮ್ಮ ಸಿಡಿಮಿಡಿಗುಟ್ಟುತ್ತಾ ಅಜ್ಜಿಯ ಮೂಗು ಕೆರೆದಳು.

"ಇನ್ನೂ ಮೇಲೆ... ಎಡಕ್ಕೆ... ಹಾಂ, ಸ್ವರ್ಗ!"

"ಅಯ್ಯೋ, ನಕ್ಕುಬಿಟ್ರು!" ಕನ್ನಡಕದವರು ರಬ್ಬರ್‌ಗಾಗಿ ತಡಕಾಡಿದರು.

ಅರ್ಜೆಂಟಮ್ಮ ಮತ್ತೆ ಮಡಕೆ ಹಾಲ್‌ಗೆ ಓಡಿದಳು. ಮೇಡಂ ಚೂರುಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಮುಗೀತಲ್ಲ ಮರಿ. ಮುಂದಿನ ಸಲ ಬೇಗ ಬಾ."

ಬೇಗ ಬಾ! ಅದೂ ಅವಳಿಗೆ! ಅರ್ಜೆಂಟಮ್ಮ ಕಾಲು ಅಪ್ಪಳಿಸುತ್ತಾ ವಾಪಸ್ ಬಂದು, "ಎಲ್ಲಾ ನಿನ್ನಿಂದ್ಲೇ!" ಎಂದು ಅಜ್ಜಿಗೆ ಬೆನ್ನು ಹಾಕಿ ನಿಂತಳು.

ಎದುರಿನ ಗೋಡೆಗೆ ಎಲ್ಲರೂ ತಮ್ಮ ಚಿತ್ರಗಳನ್ನು ಅಂಟಿಸುತ್ತಿದ್ದರು. ಒಂದರಲ್ಲಿ ಅಜ್ಜಿ ಥೇಟ್ ಹೆಡ್‌ಮಿಸ್. ಇನ್ನೊಂದರಲ್ಲಿ ಆಲೂಗಡ್ಡೆ. ಕನ್ನಡಕದವರ ಅಜ್ಜಿಗೆ ಕಿವಿ ಮಾತ್ರ ಬಲು ಚೆನ್ನಾಗಿತ್ತು. ಸಿಟ್ಟಿನಲ್ಲಿದ್ದರೂ ಅರ್ಜೆಂಟಮ್ಮನಿಗೆ ನಗು ತಡೆಯಲಾಗಲಿಲ್ಲ.

ಕೊನೆಯ ಹಾಳೆಯಲ್ಲಿ ಮುಖವೇ ಇರಲಿಲ್ಲ. ಬರೀ ಎರಡು ಪಾದ.

"ಆಂಟಿ, ಅಜ್ಜಿ ಎಲ್ಲಿ?"

"ನಂಗೆ ಕುರ್ಚಿ ಸಿಗ್ಲಿಲ್ಲ," ಎಂದರು ಚಿತ್ರ ಅಂಟಿಸುತ್ತಿದ್ದ ಹೆಂಗಸು. "ನೆಲದ ಮೇಲೆ ಕೂತಿದ್ನಲ್ಲ, ಅಲ್ಲಿಂದ ಕಂಡಿದ್ದು ಇಷ್ಟೇ."

ಊದಿಕೊಂಡ ಪಾದ. ಅದರ ಮೇಲೆ ಚಪ್ಪಲಿಯ ಪಟ್ಟಿ ಒತ್ತಿದ ಆಳವಾದ ಗೀರು. ಒಂದು ಪಾದ ಇನ್ನೊಂದನ್ನು ಸಮಾಧಾನ ಮಾಡುವಂತೆ ಒರಗಿತ್ತು.

ಅರ್ಜೆಂಟಮ್ಮ ಮೆಲ್ಲನೆ ತಿರುಗಿ ಕುರ್ಚಿಯ ಕೆಳಗೆ ನೋಡಿದಳು. ಹೌದು, ಹಾಗೇ ಇತ್ತು. ಗೀರು ಇನ್ನೂ ಕೆಂಪಗಿತ್ತು.

"ಮುಗೀತಂತೆ," ಅಜ್ಜಿ ಕತ್ತು ತಿರುಗಿಸಿ ಲಟಕ್ಕೆನಿಸಿದಳು. "ಮಡಕೆ ತಪ್ಪಿಸಿಬಿಟ್ನಲ್ಲೇ ನಿಂಗೆ. ನಡಿ, ಬಸ್ಸಾದ್ರೂ ಸಿಗ್ಲಿ." ಚಪ್ಪಲಿಗಾಗಿ ಅವಳ ಕಾಲು ನೆಲ ತಡಕಾಡಿತು.

ಅರ್ಜೆಂಟಮ್ಮ ಚಪ್ಪಲಿಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ಇನ್ನೂ ಸ್ವಲ್ಪ ಹೊತ್ತು ಕೂತ್ಕೋ ಅಜ್ಜಿ. ಅರ್ಜೆಂಟ್ ಏನಿಲ್ಲ."

ಅಜ್ಜಿ ಗಾಬರಿಯಿಂದ ಬಗ್ಗಿ ಅವಳ ಹಣೆ ಮುಟ್ಟಿ ನೋಡಿದಳು.