ಮಾಧವನ ಪಾಲಿನ ಹತ್ತು ಗುಂಡು

ಮಾಧವ ನಿಜ ಹೇಳುವವನಿದ್ದ. ವಿಶ್ವನಾಥನಿಗೆ ಒದಗಿದ ಸಂಕಟವೆಲ್ಲ ಅದೊಂದೇ. ಸುಳ್ಳನಾಗಿದ್ದರೆ ಹೇಗೋ ಒಲಿಸಿಕೊಳ್ಳಬಹುದಿತ್ತು, ಆಸೆಬುರುಕನಾಗಿದ್ದರೆ ಬಾಯಿಗೆ ಏನಾದರೂ ತುರುಕಬಹುದಿತ್ತು. ಮೈಸೂರಿನ ಹಾಸ್ಟೆಲಿನಿಂದ ಲಂಡನ್ನಿನ ಆಪರೇಷನ್ ಥಿಯೇಟರಿನ ತನಕ ಜೊತೆಗೇ ಬಂದ ಈ ಸತ್ಯವಂತನನ್ನು ಏನು ಮಾಡುವುದು?

ಕಳೆದ ಚಳಿಗಾಲ ಒಬ್ಬ ಹೆಂಗಸು ವಿಶ್ವನಾಥನ ಕೈಕೆಳಗೆ ರಕ್ತ ಸೋರಿ ಸತ್ತಿದ್ದಳು. ಅವನು ಅಂದು ಕುಡಿದು ಬಂದಿದ್ದ. ಅರಿವಳಿಕೆ ಕೊಟ್ಟು ಮೇಜಿನ ತಲೆಯ ಕಡೆ ಕೂತಿದ್ದ ಮಾಧವನಿಗೆ ಮಾಸ್ಕಿನೊಳಗೂ ಆ ವಾಸನೆ ಬಡಿದಿತ್ತು. ಬೇರೆ ಯಾರಿಗೂ ಗೊತ್ತಿಲ್ಲ. ವಿಚಾರಣೆ ಮುಂದಿನ ತಿಂಗಳು. ಮಾಧವ ಬಾಯಿ ಬಿಟ್ಟರೆ ಕೆಲಸ ಹೋಗುವುದಿರಲಿ, ಜೈಲೇ ಗತಿ.

"ನಾನಾಗೇ ಹೋಗಿ ಹೇಳಲ್ಲ ಕಣೋ ವಿಶ್ವ. ಆದ್ರೆ ಕೇಳಿದ್ರೆ ಸುಳ್ಳು ಹೇಳಕ್ಕಾಗಲ್ಲ," ಎಂದಿದ್ದ ಮಾಧವ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಆ ನೀರು ಕಂಡು ವಿಶ್ವನಾಥನ ಮೈಯೆಲ್ಲ ಉರಿದುಹೋಯಿತು. ಕತ್ತು ಕೊಯ್ಯುವುದೂ ಅಲ್ಲದೆ ಮೇಲಿಂದ ಅಳುವುದು ಬೇರೆ!

ನಮೀಬಿಯಾದ ಬೇಟೆ ಇಬ್ಬರ ಹಳೆಯ ಕನಸು. "ವಿಚಾರಣೆಗೆ ಮುಂಚೆ ಹೋಗಿಬಿಡೋಣ, ಆಮೇಲೆ ನಾವು ಹೀಗಿರ್ತೀವೋ ಇಲ್ವೋ," ಎಂದು ವಿಶ್ವನಾಥ ಕರೆದಾಗ ಮಾಧವ ಅವನ ಕೈ ಹಿಡಿದುಕೊಂಡೇ ಒಪ್ಪಿದ.

ಬೇಟೆ ಕಾಡುಕೋಣದ್ದು. ಆ ಪ್ರಾಣಿಗೆ ಸರಿಯಾಗಿ ಪೆಟ್ಟು ಬಿದ್ದರೆ ಬೀಳುತ್ತದೆ, ಅರೆಪೆಟ್ಟು ಬಿದ್ದರೆ ಹೊಡೆದವನ ಮೇಲೇ ಬರುತ್ತದೆ. ಬಂದರೆ ಏನಾಗುತ್ತದೆಂದು ಸರ್ಜನ್ ಆದ ವಿಶ್ವನಾಥನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲ ತಿವಿತಕ್ಕೆ ಹೊಟ್ಟೆ ಸೀಳುತ್ತದೆ, ಕರುಳು ಕೊಂಬಿಗೆ ಸುತ್ತಿಕೊಂಡು ಹೊರಗೆ ಬರುತ್ತದೆ. ಎತ್ತಿ ಒಗೆದ ಮೇಲೆ ಗೊರಸು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿಕೊಂಡವನು ತನ್ನ ರಕ್ತದಲ್ಲೇ ಮುಳುಗಿ ಸಾಯುತ್ತಾನೆ. ಈ ಯೋಚನೆ ಬಂದಾಗಲೆಲ್ಲ ವಿಶ್ವನಾಥನಿಗೆ ಸುಖವಾಗಿ ನಿದ್ದೆ ಬರುತ್ತಿತ್ತು.

ಲಂಡನ್ನಿನ ಕಿಂಗ್ಸ್‌ಬರಿಯ ತನ್ನ ಗ್ಯಾರೇಜಿನಲ್ಲಿ ಗುಂಡುಗಳನ್ನು ತಾನೇ ತಯಾರಿಸುವುದು ಅವನ ಹವ್ಯಾಸ. ಅದಕ್ಕೆ ಲೈಸೆನ್ಸೂ ಇತ್ತು. ಮಾಧವನಿಗೂ ಅವನೇ ಮಾಡಿಕೊಡುತ್ತಿದ್ದ. ಈ ಸಲ ಹತ್ತು ಗುಂಡಿಗೆ ಮದ್ದನ್ನು ಕಡಿಮೆ ತುಂಬಿದ. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ವ್ಯತ್ಯಾಸ ತಿಳಿಯದು. ಅಂಥದ್ದೇ ಒಂದನ್ನು ಮರದ ದಿಮ್ಮಿಗೆ ಹೊಡೆದು ನೋಡಿದ್ದ. ಸಿಡಿಲಿನ ಸದ್ದು ಬರಬೇಕಾದಲ್ಲಿ ಟಪ್ ಎಂದಿತ್ತು, ಅಷ್ಟೇ. ಕೋಣದ ಚರ್ಮ ಹರಿದು ಸಿಟ್ಟೇರಲು ಅಷ್ಟು ಸಾಕು.

ಕ್ಯಾಂಪಿನಲ್ಲಿ ಮೊದಲ ದಿನ ಗುರಿ ಸರಿನೋಡಲು ಬೇರೆ ಡಬ್ಬಿಯ ಒಳ್ಳೆಯ ಗುಂಡು. ಬೇಟೆಯ ಗುಂಡು ಎರಡು ಚರ್ಮದ ಚೀಲಗಳಲ್ಲಿ, ತಲಾ ಹತ್ತು. ಒಂದರ ಮೇಲೆ ಮಾಧವನ ಹೆಸರು, ಇನ್ನೊಂದರ ಮೇಲೆ ವಿಶ್ವನಾಥನದು. ಎಲ್ಲ ಮುಗಿದು ಜನ ಹೆಣದ ಸುತ್ತ ಸೇರಿದಾಗ ಉಳಿದವನ್ನು ಪೊದೆಗೆ ಎಸೆದು ಒಳ್ಳೆಯವನ್ನು ತುಂಬಿದರಾಯಿತು. ಕೊಂದದ್ದು ಕೋಣ. ಯಾವ ಕೋರ್ಟು ಕೋಣವನ್ನು ಕರೆಸುತ್ತದೆ?

ಹೊರಡುವ ಹಿಂದಿನ ದಿನ ಎಜ್‌ವೇರ್‌ನ ಮಾಧವನ ಮನೆಯಲ್ಲಿ ಸಾಮಾನು ಕಟ್ಟಿದರು. ಕಟ್ಟುವುದೆಲ್ಲ ವಿಶ್ವನಾಥನೇ. ಮಣ್ಣುಬಣ್ಣದ ಅಂಗಿಗಳು, ಕಾಲಿಗೆ ಪಳಗಿದ ಬೂಟು, ಮುಳ್ಳಿಗೆ ದಪ್ಪ ಕೈಗವಸು, ದುರ್ಬೀನು. ರಕ್ತ ನಿಲ್ಲಿಸುವ ಪಟ್ಟಿಗಳನ್ನು ಬೇಕೆಂದೇ ಹೆಚ್ಚಿಗೆ ಇಟ್ಟ. ಗೆಳೆಯನನ್ನು ಉಳಿಸಲು ಒದ್ದಾಡಿದನೆಂದು ನಾಳೆ ಎಲ್ಲರೂ ಹೇಳಬೇಕಲ್ಲ.

ಅಂದು ಆಯುಧಪೂಜೆ. ಮಾಧವನ ಹೆಂಡತಿ ಕೃಷ್ಣವೇಣಿ ಅಡುಗೆಮನೆಯ ಚಾಕು, ಗಂಡನ ಸ್ಟೆತಾಸ್ಕೋಪು, ಲಾನ್ ಮೂವರ್ ಯಾವುದನ್ನೂ ಬಿಟ್ಟಿರಲಿಲ್ಲ. ಬಂದೂಕುಗಳನ್ನು ಬಿಟ್ಟಾಳೆಯೇ?

"ವಿಶ್ವಣ್ಣ, ಬೆಲ್ಟು ಬಿಚ್ಚಿಟ್ಟು ಬನ್ನಿ. ದೇವರ ಮುಂದೆ ಚರ್ಮ ಬೇಡ," ಎಂದಳು.

ಸಡಿಲವಾದ ಪ್ಯಾಂಟನ್ನು ಒಂದು ಕೈಲಿ ಹಿಡಿದುಕೊಂಡೇ ಅವನು ಕೈ ಮುಗಿದ. ನಗು ತಡೆಯುವುದೇ ಕಷ್ಟವಾಯಿತು.

"ಕಾರನ್ನೂ ಡ್ರೈವ್‌ವೇಗೆ ತಂದ್ಬಿಡಿ, ನಿಂಬೆಹಣ್ಣು ಇಡ್ಬೇಕು. ರೀ, ನೀವೂ ಹೋಗಿ ಒಂದು ಬಕೆಟ್ ನೀರು ಹಾಕಿ."

ಇಬ್ಬರೂ ಕಾರು ತೊಳೆದು ಬಂದರು. ಎರಡು ರೈಫಲ್ಲುಗಳೂ ಸೇವಂತಿಗೆ ಹೂ ಮುಡಿದು ದೇವರ ಮುಂದೆ ಮಲಗಿದ್ದವು. ಅವುಗಳ ಚರ್ಮದ ಪಟ್ಟಿಗಳನ್ನು ಕಳಚಿ ಹೊಸ್ತಿಲಾಚೆ ಸುತ್ತಿಟ್ಟಿದ್ದಳು. ಗುಂಡಿನ ಚೀಲಗಳು ಹಾಲಿನ ಮೇಜಿನ ಮೇಲೆ, ಅವನು ಇಟ್ಟ ಜಾಗದಲ್ಲೇ, ಗುಂಡಿ ಹಾಕಿದಂತೆಯೇ ಇದ್ದವು. ವಿಶ್ವನಾಥ ಹೆಸರು ನೋಡಿ ಎರಡನ್ನೂ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

"ಎಲ್ಲಕ್ಕೂ ಕುಂಕುಮ ಇಟ್ಟಿದೀನಿ ವಿಶ್ವಣ್ಣ. ನಮ್ಮವರನ್ನ ಹುಷಾರಾಗಿ ಕರ್ಕೊಂಡು ಬನ್ನಿ," ಎಂದಳು ಕೃಷ್ಣವೇಣಿ. ಅವನು ಮಾತು ಕೊಟ್ಟ. ಕೊಡುವಾಗ ಒಂದು ಕ್ಷಣ ಪೆಟ್ಟಿಗೆಯ ಬೀಗ ತೆಗೆದುಬಿಡೋಣವೆನಿಸಿತು, ಸುಳ್ಳೇಕೆ. ಮರುಕ್ಷಣ ವಿಚಾರಣೆಯ ನೆನಪಾಗಿ ಸರಿಹೋಯಿತು.

ನಮೀಬಿಯಾದಲ್ಲಿ ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು. ಗುರಿ ಸರಿನೋಡಿದ್ದಾಯಿತು. ಮರುದಿನ ಬೆಳಕು ಹರಿಯುವ ಮೊದಲೇ, ಜೀಪಿನ ಕತ್ತಲಲ್ಲಿ, ಇಬ್ಬರೂ ತಮ್ಮ ತಮ್ಮ ಚೀಲದಿಂದ ಗುಂಡು ತುಂಬಿಕೊಂಡರು. ಮಾರ್ಗದರ್ಶಿಯ ಬಂದೂಕಿಗೂ ಅಡ್ಡ ಬರುವಷ್ಟು ದಟ್ಟವಾದ ಮುಳ್ಳುಪೊದೆಯ ಕಡೆಗೆ ಹೆಜ್ಜೆಗುರುತು ಕರೆದೊಯ್ದಿತು. ಕೋಣ ಕಂಡಾಗ ಮಾಧವ ಹಿಂದೆ ಸರಿದು ಪಿಸುಗುಟ್ಟಿದ: "ಮೊದಲ್ನೇದು ನಿಂದು ಕಣೋ. ನಿನಗೆ ನಾನು ಇಷ್ಟಾದ್ರೂ ಮಾಡ್ಬೇಕು."

ಬೇಡವೆಂದರೆ ಅನುಮಾನ. ಇದನ್ನು ಉರುಳಿಸೋಣ, ಮಂದೆಯಲ್ಲಿ ಇನ್ನೂ ಇವೆ ಎಂದುಕೊಂಡು ವಿಶ್ವನಾಥ ಕೋಣದ ಭುಜಕ್ಕೆ ಗುರಿಯಿಟ್ಟು ರೈಫಲ್ಲಿನ ಕುದುರೆ ಎಳೆದ.

ಟಪ್ ಎಂದಿತು. ಕೋಣ ಬೀಳಲಿಲ್ಲ, ತಿರುಗಿತು. ಭುಜದಿಂದ ತೆಳ್ಳಗೆ ರಕ್ತ ಇಳಿಯುತ್ತಿತ್ತು. ವಿಶ್ವನಾಥ ರೈಫಲ್ಲಿನ ಬೋಲ್ಟ್ ಹಿಂದಕ್ಕೆ ಎಳೆದ. ಗುಂಡಿನ ಖಾಲಿ ಚಿಪ್ಪು ಹಾರಿಹೋಗಿ ಎರಡನೆಯದು ಮೇಲೆ ಬಂತು, ಅದರ ಹಿತ್ತಾಳೆಯ ಮೈಮೇಲೆ ಒಣಗಿದ ಕುಂಕುಮದ ಬೊಟ್ಟು. "ಹೊಡಿಯೋ ವಿಶ್ವ, ಹೊಡಿ," ಎಂದು ಹಿಂದಿನಿಂದ ಮಾಧವ ಕಿರುಚುತ್ತಿದ್ದ. ಗೊರಸಿನ ಸದ್ದು ನೆಲದಿಂದ ಕಾಲಿಗೆ ಹತ್ತುತ್ತಿರುವಾಗ ವಿಶ್ವನಾಥನಿಗೆ ಹೊಸ್ತಿಲಾಚೆ ಸುತ್ತಿಟ್ಟ ಪಟ್ಟಿಗಳೂ, ತಾನು ಬಿಚ್ಚಿಟ್ಟ ಬೆಲ್ಟೂ ಕಣ್ಣಿಗೆ ಕಟ್ಟಿದವು. ಚರ್ಮದ ಚೀಲವನ್ನು ಕೃಷ್ಣವೇಣಿ ದೇವರ ಮುಂದೆ ಇಡುವವಳಲ್ಲ. ಇಪ್ಪತ್ತು ಗುಂಡನ್ನೂ ತೆಗೆದು ಒಂದೇ ಬೆಳ್ಳಿ ತಟ್ಟೆಯಲ್ಲಿ ಸುರಿದು, ಒಂದೊಂದಕ್ಕೂ ಬೊಟ್ಟಿಟ್ಟು, ಕೈಗೆ ಸಿಕ್ಕಿದ್ದನ್ನು ಸಿಕ್ಕ ಚೀಲಕ್ಕೆ ತುಂಬಿದ್ದಳು. ವಿಶ್ವನಾಥ ಕುದುರೆ ಎಳೆದ. ಅದೂ ಟಪ್ ಎಂದಿತು.