ಹೊಲದಲ್ಲಿ ಕರಗಿದ ಕೆಂಪು ಸೀರೆ

ಹೂವಿನ ಹಿಪ್ಪರಗಿಯ ಕುರಿಹಟ್ಟಿಯ ಬಾಗಿಲಲ್ಲಿ ಭಾಗ್ಯಾ ನಿಂತಿದ್ದನ್ನು ನೋಡಿಯೂ ಮಾಳಿಂಗ ಕತ್ತರಿ ಕೆಳಗಿಡಲಿಲ್ಲ. ಉಣ್ಣೆ ಕತ್ತರಿಸುತ್ತಲೇ ಹೇಳಿದ.

"ನೂಲು ಇಲ್ರಿ, ಬಾಯಾರ."

ಬಾಯಾರ...! ಗುರುತಿಲ್ಲದ ಹೆಂಗಸಿಗೆ ಅನ್ನುವ ಹಾಗೆ. ಎರಡು ತಿಂಗಳ ಹಿಂದೆ ಇದೇ ಬಾಯಿ 'ಭಾಗ್ಯಾ' ಎಂದರೆ ಸಾಕು, ಮಗ್ಗದ ಮೇಲೆ ಅವಳ ಕೈ ತಪ್ಪುತ್ತಿತ್ತು.

ಮನಗೂಳಿಯ ನೇಯ್ಗೆ ಕೇಂದ್ರದಲ್ಲಿ ಗೋಡೆಗೆ ತೂಗುಹಾಕುವ ಉಣ್ಣೆಯ ಚಿತ್ರಗಳನ್ನು ನೇಯುವವಳು ಭಾಗ್ಯಾ. ಅವಳಿಗೆ ನೂಲು ಮಾಡಿ, ಬಣ್ಣ ಹಾಕಿ ಕೊಡುತ್ತಿದ್ದವನು ಮಾಳಿಂಗ. ಇಬ್ಬರ ನಡುವೆ ನೂಲಿಗಿಂತ ಹೆಚ್ಚಿನದು ಏನೋ ಇದೆಯೆಂದು ಕೇಂದ್ರದ ಹೆಂಗಸರಿಗೆಲ್ಲ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು.

ಬಾಗೇವಾಡಿಯ ಶಾಲೆಯೊಂದಕ್ಕೆ ಚಿತ್ರ ಬೇಕಾಗಿತ್ತು. ಹಸಿರು ಜೋಳದ ಹೊಲ, ನಡುವೆ ಬುತ್ತಿ ಹೊತ್ತ ಕೆಂಪು ಸೀರೆಯ ಹೆಣ್ಣುಮಗಳು. ನೂಲು ಆರಿಸುವಾಗ ಮಾಳಿಂಗ ಕೆಂಪು, ಹಸಿರು ಲಡಿಗಳನ್ನು ಒಟ್ಟಿಗೆ ಹಿಡಿದಿದ್ದ.

"ಅರೆಗಣ್ಣು ಮಾಡಿ ನೋಡು. ಸಂಜಿ ಮುಂದ ಹಟ್ಟಿಗೆ ಬರೂ ಕುರಿಗೆ ಬಣ್ಣ ಇರೂದಿಲ್ಲ. ಯಾವುದು ಕಪ್ಪು, ಯಾವುದು ಬಿಳುಪು, ಅಷ್ಟ ಕಾಣ್ತೈತಿ. ಇವೆರಡೂ ಒಂದ ಆಗ್ಯಾವ."

ಇದು ಕುರಿ ಎಣಿಸುವ ಕೆಲಸವಲ್ಲ ಎಂದು ಅವಳು ನಕ್ಕಿದ್ದಳು.

ಚಿತ್ರ ಗೋಡೆಗೇರಿತು. ಹತ್ತಿರದಿಂದ ಬಲು ಚೆಂದ. ಹತ್ತು ಹೆಜ್ಜೆ ಹಿಂದೆ ಸರಿದರೆ ಹೆಣ್ಣುಮಗಳು ಹೊಲದಲ್ಲಿ ಕರಗಿಹೋಗಿದ್ದಳು. ಶಾಲೆಯವರು ವಾಪಸು ಕಳಿಸಿದರು. ಕೇಂದ್ರ ನಡೆಸುವ ಇಂದ್ರಾಬಾಯಿ ಎಲ್ಲರ ಮುಂದೆ ಕಾರಣ ಕೇಳಿದಾಗ, ಅಲ್ಲೇ ನಿಂತಿದ್ದ ಮಾಳಿಂಗನತ್ತ ನೋಡದೆ, ಬಣ್ಣ ಮಾಸಿದೆ, ಹಾಕಿದವರ ತಪ್ಪು ಎಂದುಬಿಟ್ಟಳು ಭಾಗ್ಯಾ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ!

ಅಂದಿನಿಂದ ಕೇಂದ್ರದವರು ಅವನ ನೂಲು ಕೊಳ್ಳುವುದನ್ನು ನಿಲ್ಲಿಸಿದರು.

ಹೋದ ವಾರ ಅವಳು ಮೊಬೈಲಿನಲ್ಲಿ ಆ ಚಿತ್ರದ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದಳು. ಸೀರೆ, ಹೊಲ ಎರಡೂ ಒಂದೇ ಬೂದಿ ಬಣ್ಣ. ನಿಜ ಹೇಳಬೇಕೆಂದರೆ ತಪ್ಪು ತನ್ನದೇ ಎಂಬ ಅನುಮಾನ ಅವಳಿಗೆ ಆ ದಿನವೇ ಇತ್ತು. ಅದೇ ಅವಳ ನಿದ್ದೆ ಕೆಡಿಸಿತ್ತು.

"ನಿಮ್ಮ ನೂಲು ಚಲೋನ ಇತ್ರಿ," ಈಗ ಹಟ್ಟಿಯ ಬಾಗಿಲಲ್ಲಿ ಅವಳ ಕಣ್ಣು ತುಂಬಿತು. "ಆರಿಸಿದ್ದು ನಂದ ತಪ್ಪು. ಗೊತ್ತಿದ್ದೂ ನಿಮ್ಮ ಮ್ಯಾಲ ಹಾಕಿದೆ."

ಕತ್ತರಿ ನಿಂತಿತು.

"ಎಲ್ಲಾರ ಮುಂದ ಅಂದಿದ್ರಿ. ಹೇಳೂದು ನನ್ನೊಬ್ಬನ ಮುಂದ ಏನ್ರಿ?"

ಅವಳು ಮನಗೂಳಿಯ ಬಸ್ ಹಿಡಿದಳು. ನನ್ನ ಕೆಲಸ ಹೋದರೆ? ಹೋಗಲಿ...

ಮರುದಿನ ಎಲ್ಲ ಮಗ್ಗಗಳನ್ನು ನಿಲ್ಲಿಸಿ, ಎಲ್ಲರ ಮುಂದೆ ಒಪ್ಪಿಕೊಂಡಳು. ಇಂದ್ರಾಬಾಯಿ ಬಹಳ ಹೊತ್ತು ಬೈದರು. ಆಮೇಲೆ, ಚಿತ್ರ ನೀನೇ ಸರಿ ಮಾಡು, ಮಾಳಿಂಗನಿಗೆ ನಾನು ಫೋನ್ ಮಾಡುತ್ತೇನೆ ಎಂದರು.

ಭಾಗ್ಯಾ ಆ ಕೆಂಪು ಸೀರೆಯನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದಳು. ನಾಲ್ಕನೆಯ ದಿನ ಪಕ್ಕದಲ್ಲಿ ಒಂದು ಬಟ್ಟೆಗಂಟು ಬಿತ್ತು. ಒಳಗೆ ಬಣ್ಣ ಹಾಕದ ಬಿಳಿ ಉಣ್ಣೆ, ತಿಳಿ ಅರಿಶಿನದ ನೂಲು. ತಲೆಯೆತ್ತಿದರೆ ಮಾಳಿಂಗ. ಅವನು ಆಗಲೇ ಬಾಗಿಲತ್ತ ಹೊರಟಿದ್ದ.

ಹೊಸ ಸೀರೆ ಮುಗಿದ ಸಂಜೆ ಅವನು ಮತ್ತೆ ಬಂದ. ದೀಪ ಹಾಕುವ ಮುಂಚೆ ಇಬ್ಬರೂ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ಅವಳು ಅರೆಗಣ್ಣು ಮಾಡಿದಳು. ಭಯಕ್ಕೆ ಪೂರ್ತಿ ಮುಚ್ಚಿಯೇ ಬಿಟ್ಟಳು.

"ಕಾಣ್ತಾಳೇನ್ರಿ?"

"ಹೊಲದಾಗ ಅಕಿ ಒಬ್ಬಾಕಿನ ಕಾಣ್ತಾಳ."

"ಮತ್ತ ನಾನು? ನಿಮ್ಮ ಕಣ್ಣಿಗೆ ಇನ್ನೂ ಸುಳ್ಳುಗಾರ್ತಿನ ಏನ್ರಿ?"

ಅವನು ಚಿತ್ರ ಬಿಟ್ಟು ಅವಳತ್ತ ತಿರುಗಿದ.

"ಕಣ್ಣು ತಗದು ನನ್ನ ಮುಖ ನೋಡು, ಭಾಗ್ಯಾ. ಅಲ್ಲೇ ಐತಿ ಉತ್ತರ."